ದಾಕ್ಷಾಯಿಣಿ ಚೌಕಿಯಲ್ಲಿ ಸಿದ್ಧವಾಗುವ ಹೊತ್ತು

ಇವತ್ತಿನ ಯಕ್ಷಗಾನ ಪ್ರಸಂಗ ‘ದಕ್ಷಾಧ್ವರ’, ದಕ್ಷನ ಯಜ್ಞದ ಕತೆ. ದಕ್ಷನ ಮಗಳು ದಾಕ್ಷಾಯಿಣಿಯ ಪಾತ್ರ ಮಾಡುವ ಕಲಾವಿದರು ಗಡ್ಡ ಮೀಸೆ ನುಣ್ಣಗೆ ಬೋಳಿಸಿ, ಮುಖ ತೊಳೆದು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ತಮ್ಮ ಪೆಟ್ಟಿಗೆಯೆದುರು ಕನ್ನಡಿ ಹಿಡಿದು ಕೂತಿದ್ದಾರೆ. ಬಿಳಿಯ ಸಫೇದ, ಅದಕ್ಕಿಂತ ಕಡಿಮೆ ಹಳದಿಯ ಅರದಾಳ, ಚಿಟಿಕೆಯಷ್ಟು ಕೆಂಪು ಇಂಗಳಿಕ. ಮೂರನ್ನೂ ತೆಂಗಿನೆಣ್ಣೆ ಹಾಕಿ ಅಂಗೈಯಲ್ಲೇ ತಿಕ್ಕುತ್ತಾರೆ. ಎಣ್ಣೆ ಹೆಚ್ಚಾದರೆ ಬೆಳಕಿಗೆ ಮುಖ ಮಿರಮಿರ ಹೊಳೆಯುತ್ತದೆ, ಬೆವರಿಗೆ ಬಣ್ಣ ಇಳಿಯುತ್ತದೆ. ಕಡಿಮೆಯಾದರೆ ಅರ್ಥ (ಪಾತ್ರದ ಮಾತು) ಹೇಳುವಾಗ ಬಾಯಿಯ ಪಕ್ಕ ಬಿರಿಯುತ್ತದೆ. ಕುತ್ತಿಗೆ, ಕಿವಿಯ ಹಿಂಭಾಗಕ್ಕೂ ಬಣ್ಣ ತಾಗಬೇಕು. ಅಲ್ಲಿ ಬಿಟ್ಟರೆ ಪಕ್ಕಕ್ಕೆ ತಿರುಗಿದಾಗ ಮುಖವಾಡ ಹಾಕಿದಂತೆ ಕಾಣುತ್ತದೆ. ಮೇಲೆ ಪೌಡರ್ ಒತ್ತಿ, ಹೆಚ್ಚಿನದನ್ನು ಕೊಡವಿದ ಮೇಲೆಯೇ ಕಾಡಿಗೆ, ಹುಬ್ಬು, ತುಟಿಗೆ ಕೆಂಪು.

ಈಗ ಕೆಲವರು ಸಿದ್ಧ ಮೇಕಪ್ ಬಳಸುತ್ತಾರೆ. ತಪ್ಪೇನಿಲ್ಲ.

ತಲೆಗೆ ಮೊದಲು ಬಟ್ಟೆ ಬಿಗಿದು ಅದರ ಮೇಲೆ ಚವರಿ (ಕಟ್ಟುಗೂದಲು) ಕಟ್ಟುವುದು. ಸಡಿಲವಾದರೆ ಗಿರಕಿಯಲ್ಲಿ ಜಡೆ ಜಾರುತ್ತದೆ. ತೀರಾ ಬಿಗಿದರೆ ಹಣೆ ಸಿಡಿದು ಭಾಗವತರು ಹಾಡುವ ಪದದ ಮೇಲೆ ಗಮನ ನಿಲ್ಲುವುದಿಲ್ಲ. ಸೀರೆಯ ಅಂಚು ಗೆಜ್ಜೆಗಿಂತ ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಎಡವುವುದು ಖಂಡಿತ.

ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಸ್ತ್ರೀವೇಷದ ಆಭರಣಕ್ಕೊಂದು ಶಿಲ್ಪದ ಲಾಲಿತ್ಯ ತಂದವರು ಪಾತಾಳ ವೆಂಕಟರಮಣ ಭಟ್ಟರು. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ನೋಡಿ, ಅಲ್ಲಿನ ಅಲಂಕಾರವನ್ನು ರಂಗಸ್ಥಳಕ್ಕೆ ಒಗ್ಗಿಸಿದರು. ಕೋಳ್ಯೂರು ರಾಮಚಂದ್ರ ರಾಯರ ದಾರಿ ಬೇರೆ: ಗರತಿ ಪಾತ್ರಗಳ ಮಾತು, ಭಾವ. ಹೆಣ್ಣುಮಕ್ಕಳೇ ವೇಷ ಕಟ್ಟುವ ಇಂದಿನ ದಿನದಲ್ಲೂ ಇವರಿಬ್ಬರು ಹಾಕಿಕೊಟ್ಟ ಅಚ್ಚು ಕಾಣುತ್ತದೆ.

ಆದರೆ ಸ್ತ್ರೀವೇಷದ ಅರ್ಧ ಮಾತ್ರ ಬಣ್ಣ, ಸೀರೆ. ಉಳಿದದ್ದು ಮೈಯ ಅಳತೆ. ತರುಣ ವೀರರ ಪಾತ್ರ ಮಾಡುವ ಪುಂಡುವೇಷದವರು ಕಾಲನ್ನು ಅಗಲಿಸಿ ಹಾರುವಲ್ಲಿ ಸ್ತ್ರೀವೇಷದವರ ಹೆಜ್ಜೆ ಗಿಡ್ಡ. ಮೊಣಕೈ ಪಕ್ಕೆಗೆ ಹತ್ತಿರ, ಕತ್ತಿನ ತಿರುವು ನಿಧಾನ. ಸ್ವರವನ್ನು ಒತ್ತಿ ಕೀರಲು ಮಾಡುವವರಿದ್ದಾರೆ. ಬೇಡ. ಗಂಟಲು ಬೇಗ ದಣಿಯುತ್ತದೆ, ಮಾತು ಅಣಕದಂತೆ ಕೇಳುತ್ತದೆ. ಭಾಗವತರ ಶ್ರುತಿ ಬಿಡದೆ ಮೆತ್ತಗೆ ಆಡಿದರೆ ಸಾಕು.

ದಾಕ್ಷಾಯಿಣಿ ತಂದೆಯೆದುರು ಸಿಡಿಯುವ ಸನ್ನಿವೇಶವೇ ನಿಜವಾದ ಪರೀಕ್ಷೆ. ಸಿಟ್ಟು ಬಂದ ಕೂಡಲೇ ಭುಜ ಅಗಲವಾಗುತ್ತದೆ, ಕಾಲು ದೂರ ಸರಿಯುತ್ತದೆ, ಒಳಗಿನ ಗಂಡಸು ಹೊರಗೆ ಬಂದುಬಿಡುತ್ತಾನೆ. ನುರಿತವರು ಭುಜ ಕದಲಿಸದೆ, ಆ ಕೋಪವನ್ನು ಕಣ್ಣಿಗೂ ಉಸಿರಿಗೂ ಒಯ್ಯುತ್ತಾರೆ.