ಡಿ200 ಕ್ಯಾಮೆರಾದಲ್ಲಿ ಹಳೆಯ 105 ಎಂಎಂ ಲೆನ್ಸ್

ಕೈಯಿಂದಲೇ ಫೋಕಸ್ ಮಾಡಬೇಕಾದ ಹಳೆಯ ಲೆನ್ಸ್‌ಗಳನ್ನು ಡಿಜಿಟಲ್ ಕ್ಯಾಮೆರಾಕ್ಕೆ ಹಾಕಿಕೊಳ್ಳುವವರು ಸಾಮಾನ್ಯವಾಗಿ ಲೆನ್ಸಿನ ಗುಣಗಾನದಲ್ಲೇ ಮುಳುಗಿರುತ್ತಾರೆ. ಅದನ್ನು ಹೊರುವ ಕ್ಯಾಮೆರಾದ ಬಗ್ಗೆ ಮಾತು ಕಡಿಮೆ. ಚಿತ್ರ ಚೆನ್ನಾಗಿ ಬರುವುದೋ ಬಿಡುವುದೋ ಎಂಬುದು ಬಹುಪಾಲು ಕ್ಯಾಮೆರಾದ ಮೇಲೆ, ಅದರಲ್ಲೂ ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರ್ ಮೇಲೆ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ನಾನು ಬಳಸುತ್ತಿರುವುದು 2005ರಲ್ಲಿ ಬಂದ ನಿಕಾನ್ ಡಿ200 ಮತ್ತು ಅದಕ್ಕಿಂತಲೂ ಹಳೆಯದಾದ ನಿಕ್ಕೋರ್ 105 ಎಂಎಂ ಎಫ್/2.5 ಎಐ-ಎಸ್ ಲೆನ್ಸ್ (ಎಫ್ ಮುಂದಿನ ಸಂಖ್ಯೆ ಕಿರಿದಾದಷ್ಟೂ ಲೆನ್ಸಿನ ತೆರಪು ಅಗಲ).

ನಿಕಾನ್‌ನ ಎಫ್ ಮೌಂಟ್, ಅಂದರೆ ಲೆನ್ಸ್ ಕೂರುವ ಬಾಯಿ, 1959ರಿಂದಲೂ ಮೂಲ ಅಳತೆಯಲ್ಲಿ ಬದಲಾಗಿಲ್ಲವಾದ್ದರಿಂದ ಹಳೆಯ ಲೆನ್ಸ್ ಹೊಸ ಕ್ಯಾಮೆರಾದಲ್ಲಿ ಕೂರುತ್ತದೆ ಎಂಬುದು ನಿಜ, ಆದರೆ ಕೂತ ಮಾತ್ರಕ್ಕೆ ಎಲ್ಲವೂ ಕೆಲಸ ಮಾಡುವುದಿಲ್ಲ. 1977ರಲ್ಲಿ ಬಂದ ಎಐ ಪದ್ಧತಿಯಲ್ಲಿ (ಎಐ-ಎಸ್ ಅದರ ನಂತರದ ರೂಪ) ಅಪರ್ಚರ್, ಅಂದರೆ ಬೆಳಕು ಒಳಬರುವ ತೆರಪನ್ನು ಹಿಗ್ಗಿಸಿ ಕುಗ್ಗಿಸುವ ಬಳೆಯ ಅಂಚಿನ ಏಣು ಕ್ಯಾಮೆರಾದ ಮೌಂಟಿನ ಸುತ್ತ ಇರುವ ಸಣ್ಣ ಸನ್ನೆಕೋಲೊಂದನ್ನು ತಳ್ಳಿ, ಲೆನ್ಸನ್ನು ಎಷ್ಟು ಸ್ಟಾಪ್ (ಹಂತ) ಕಿರಿದು ಮಾಡಲಾಗಿದೆ ಎಂಬುದನ್ನು ತಿಳಿಸುತ್ತದೆ. ಡಿ200ನಲ್ಲಿ ಆ ಸನ್ನೆ ಇದೆ. ಡಿ70, ಡಿ80, ಡಿ90ಗಳಲ್ಲಿ ಇಲ್ಲ, ಹಾಗಾಗಿ ಅವುಗಳಲ್ಲಿ ಇದೇ ಲೆನ್ಸ್ ಹಾಕಿದರೆ ಬೆಳಕಿನ ಮೀಟರ್ ಸುಮ್ಮನಾಗಿಬಿಡುತ್ತದೆ. ಡಿ200ನ ಮೆನುವಿನಲ್ಲಿ 105 ಮತ್ತು 2.5 ಎಂಬ ಎರಡು ಸಂಖ್ಯೆಗಳನ್ನು ಒಮ್ಮೆ ತುಂಬಿದರೆ ಸಾಕು, ಚೌಕಟ್ಟಿನ ಬೆಳಕನ್ನು ಭಾಗಭಾಗವಾಗಿ ಅಳೆಯುವ ಮ್ಯಾಟ್ರಿಕ್ಸ್ ಮೀಟರಿಂಗ್ ಕೂಡ ಸಿಗುತ್ತದೆ, ತೆಗೆದ ಚಿತ್ರದ ವಿವರಗಳಲ್ಲಿ ಅಪರ್ಚರ್ ಸಹ ದಾಖಲಾಗುತ್ತದೆ. 1977ಕ್ಕಿಂತ ಹಿಂದಿನ, ಬಳೆಯನ್ನು ಮಾರ್ಪಡಿಸದ ಲೆನ್ಸ್‌ಗಳನ್ನು ಮಾತ್ರ ಇದಕ್ಕೆ ತಿರುಗಿಸಲು ಹೋಗಬಾರದು, ಸನ್ನೆಯೇ ಮುರಿಯಬಹುದು.

ಇನ್ನು ಫೋಕಸ್ಸಿನ ವಿಚಾರ. ಫಿಲ್ಮ್ ಕಾಲದ ಕ್ಯಾಮೆರಾಗಳಲ್ಲಿ ವ್ಯೂಫೈಂಡರಿನ ನಡುವೆ ಒಡೆದ ಬಿಂಬವನ್ನು ಕೂಡಿಸುವ ವೃತ್ತವಿರುತ್ತಿತ್ತು, ಬಿಂಬ ಮೂಡುವ ಸುತ್ತಲಿನ ಗಾಜು ಒರಟಾಗಿರುತ್ತಿತ್ತು. ಆಟೋಫೋಕಸ್ ಬಂದ ಮೇಲೆ ಆ ವೃತ್ತ ಹೋಯಿತು. ಗಾಜಾದರೋ ಮಂದವಾದ ಜೂಮ್ ಲೆನ್ಸ್‌ಗಳಲ್ಲೂ ಬೆಳ್ಳಗೆ ಕಾಣಲೆಂದು ನಯವಾಯಿತು. ಇಂಥ ಗಾಜು ಲೆನ್ಸಿನ ಅಂಚಿನಿಂದ ಓರೆಯಾಗಿ ಬರುವ ಬೆಳಕನ್ನು ಕಣ್ಣಿಗೆ ಪೂರ್ತಿ ತಲುಪಿಸುವುದಿಲ್ಲ. ಹೀಗಾಗಿ ಎಫ್/1.4ರ ಲೆನ್ಸ್ ಹಾಕಿದರೂ ವ್ಯೂಫೈಂಡರಿನಲ್ಲಿ ಕಾಣುವ ಮಸುಕು ಸುಮಾರು ಎಫ್/2.8ರದ್ದೇ. ಕಣ್ಣಿಗೆ ಚೂಪಾಗಿ ಕಂಡದ್ದು ಚಿತ್ರದಲ್ಲಿ ಮಸುಕಾಗಿ ಬಂದಾಗ ಜನ ಲೆನ್ಸನ್ನು ದೂರುತ್ತಾರೆ. ಎಲ್ಲರೂ ಮೊದಲು ಕೊಳ್ಳಬಯಸುವ 50 ಎಂಎಂ ಎಫ್/1.4 ಲೆನ್ಸನ್ನು ಇಂಥ ಕ್ಯಾಮೆರಾಕ್ಕೆ ನಾನು ಶಿಫಾರಸು ಮಾಡದಿರುವುದು ಈ ಕಾರಣಕ್ಕೆ. 105 ಎಂಎಂ ಎಫ್/2.5 ಆ ಗಾಜಿನ ಮಿತಿಯ ಹತ್ತಿರವೇ ಇದೆ, ಮೇಲಾಗಿ ಬಿಂಬವನ್ನು ದೊಡ್ಡದಾಗಿ ತೋರಿಸುತ್ತದೆ. ಫೋಕಸ್ ಬಳೆ ತಿರುಗಿಸುವಾಗ ಹುಬ್ಬಿನ ಕೂದಲು ಎಲ್ಲಿ ಬಿಡಿಬಿಡಿಯಾಯಿತು ಎಂಬುದು ತಿಳಿಯುತ್ತದೆ.

ನಾನಿದನ್ನು ಹೆಚ್ಚಾಗಿ ಬಳಸುವುದು ವೇಷ ಕಟ್ಟುವ ಜಾಗವಾದ ಯಕ್ಷಗಾನದ ಚೌಕಿಯಲ್ಲಿ. ಬಣ್ಣದ ವೇಷದವರು ಅಕ್ಕಿಹಿಟ್ಟು ಮತ್ತು ಸುಣ್ಣದ ಉಬ್ಬು ಅಲಂಕಾರವಾದ ಚುಟ್ಟಿಯನ್ನು ಮುಖದ ಮೇಲೆ ಕಡ್ಡಿಯಿಂದ ಒಂದೊಂದಾಗಿ ಇಡುವಾಗ ಮುಖವನ್ನು ಬಹಳ ಹೊತ್ತು ಅಲುಗಿಸುವುದಿಲ್ಲ, ಆದ್ದರಿಂದ ಕೈಯಿಂದ ಫೋಕಸ್ ಮಾಡಲು ಸಾವಕಾಶವಿರುತ್ತದೆ. ಎರಡು ಮೀಟರ್ ದೂರದಿಂದ ಎಫ್/2.5ರಲ್ಲಿ ತೆಗೆದರೆ ಚೂಪಾಗಿ ಬರುವ ಆಳ ಮೂರೂವರೆ ಸೆಂಟಿಮೀಟರಿನ ಆಸುಪಾಸು. ಹತ್ತಿರದ ಮಿತಿಯಾದ ಒಂದು ಮೀಟರಿಗೆ ಹೋದರೆ ಒಂದು ಸೆಂಟಿಮೀಟರೂ ಉಳಿಯುವುದಿಲ್ಲ. ಅಷ್ಟು ಹತ್ತಿರದಲ್ಲಿ ಕೆನ್ನೆಯ ಚುಟ್ಟಿಗೆ ಫೋಕಸ್ ಮಾಡಿದರೆ ಕಣ್ಣು ಕೈತಪ್ಪುತ್ತದೆ. ಎಫ್/4ಕ್ಕೆ ಇಳಿಸಿದರೆ ಅನುಕೂಲ, ಆದರೆ ಚೌಕಿಯ ಬೆಳಕಿನಲ್ಲಿ ಸೆನ್ಸರಿನ ಸಂವೇದನೆಯ ಅಳತೆಯಾದ ಐಎಸ್‌ಒ 1600ರವರೆಗೆ ಏರಬೇಕಾಗುತ್ತದೆ, ಅಲ್ಲಿ ಹಳೆಯ ಬಗೆಯ ಈ ಸಿಸಿಡಿ ಸೆನ್ಸರಿನ ಚಿತ್ರದ ನೆರಳುಗಳಲ್ಲಿ ಕಾಳುಕಾಳಾದ ಮಚ್ಚೆಗಳು ಎದ್ದು ಕಾಣುತ್ತವೆ. ನಾನು ಕಾಳುಗಳನ್ನೇ ಒಪ್ಪಿಕೊಳ್ಳುತ್ತೇನೆ. ಫೋಕಸ್ ಸರಿಯಾದಾಗ ವ್ಯೂಫೈಂಡರಿನ ಕೆಳಗೆ ಬೆಳಗುವ ಚುಕ್ಕೆಯೂ ನೆರವಿಗಿದೆ. ಬಳೆಯನ್ನು ಒಂದಿಷ್ಟು ತಿರುಗಿಸಿದರೂ ಅದು ಆರದೆ ಉಳಿಯುವುದರಿಂದ, ಎರಡು ಕಡೆಯಿಂದಲೂ ತಿರುಗಿಸಿ ನೋಡಿ ನಡುವೆ ನಿಲ್ಲಿಸುವುದು ಲೇಸು.

ಡಿ200ನ ಹತ್ತು ಮೆಗಾಪಿಕ್ಸೆಲ್ ಸಾಲದು ಎನ್ನುವವರಿಗೆ ಒಂದು ಮಾತು: ಈ ಸೆನ್ಸರ್ ಫಿಲ್ಮಿಗಿಂತ ಚಿಕ್ಕದಾದ್ದರಿಂದ ಹಳೆಯ ಲೆನ್ಸಿನ ಮಧ್ಯಭಾಗವನ್ನಷ್ಟೇ ಬಳಸುತ್ತದೆ, ಮೂಲೆಗಳ ದೌರ್ಬಲ್ಯ ಚೌಕಟ್ಟಿನ ಹೊರಗೇ ಉಳಿಯುತ್ತದೆ, ಹಾಗಾಗಿ ಇರುವ ಪಿಕ್ಸೆಲ್‌ಗಳು ವ್ಯರ್ಥವಾಗುವುದಿಲ್ಲ.

ಕೊಳ್ಳುವಾಗ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಗಾಜಿನ ಒಳಮೈಯಲ್ಲಿ ಜೇಡರ ಬಲೆಯಂಥ ಬೂಷ್ಟು ಹಬ್ಬಿರುವುದು ಸಾಮಾನ್ಯ. ಲೇಪನವನ್ನು ತಿಂದು ಗಾಜಿಗೇ ಇಳಿದ ಬೂಷ್ಟಿನ ಗುರುತು ತೊಳೆದರೂ ಹೋಗುವುದಿಲ್ಲ. ಸಣ್ಣ ಧೂಳಿನ ಕಣಗಳಿಗೆ ಹೆದರಬೇಕಿಲ್ಲ, ಗ್ರೀಸ್ ಒಣಗಿ ಬಿಗಿಯಾದ ಫೋಕಸ್ ಬಳೆಯನ್ನು ರಿಪೇರಿಯವರು ಸರಿಮಾಡಿ ಕೊಡುತ್ತಾರೆ, ಆದರೆ ಬೂಷ್ಟು ಗಾಜಿಗೆ ಇಳಿದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.