ಎಂಟನೆಯ ಗೆಜ್ಜೆ

"ಅಕ್ಕ, ಬಲಗಾಲಿನ ಮುಂದಿನ ಮೂಳೆ ಇಲ್ಲಿ ನೋಯುತ್ತಿದೆ. ಪರವಾಗಿಲ್ಲ, ಮಾಡುತ್ತೇನೆ" ಎಂದು ನನ್ನ ಭರತನಾಟ್ಯದ ಶಿಷ್ಯೆಯೊಬ್ಬಳು ಹೇಳಿದಾಗ ನಾನು ಇನ್ನೊಬ್ಬಳ ತಲೆಗೆ ಸೂರ್ಯ–ಚಂದ್ರದ ಆಭರಣ ಕಟ್ಟುತ್ತಿದ್ದೆ. "ಸ್ಪ್ರೇ ಹಾಕಿ ಕ್ರೇಪ್ ಬ್ಯಾಂಡೇಜ್ ಸುತ್ತಿಕೋ" ಎಂದೆ, ತಿರುಗಿ ನೋಡದೆ. ನೋವು ಎಲ್ಲಿ ಎಂದು ಅವಳು ಒಂದೇ ಬೆರಳಿಟ್ಟು ತೋರಿಸಿದ್ದಳಂತೆ. ಆ ಬೆರಳನ್ನು ನಾನು ನೋಡಲಿಲ್ಲ.

ಹಳೆಯ ದೇವಾಲಯವೊಂದರ ಮುಂದೆ ನಡೆಯುವ ಉತ್ಸವ ಅದು. ಮರದ ಹಲಗೆಯ ವೇದಿಕೆ ಎಂದು ಸಂಘಟಕರು ಫೋನಿನಲ್ಲಿ ಮೂರು ಸಲ ಹೇಳಿದ್ದರು. ಹೋಗಿ ನೋಡಿದರೆ ಕಲ್ಲುಚಪ್ಪಡಿಯ ಮೇಲೆ ಕೆಂಪು ಕಾರ್ಪೆಟ್. ರಿಹರ್ಸಲ್‌ಗೆಂದು ಕೊಟ್ಟಿದ್ದ ಸಮಯವೆಲ್ಲ ಗಣ್ಯರ ಮೈಕ್ ಪರೀಕ್ಷೆಯಲ್ಲಿ ಕರಗಿತು. ಹೂವಿನ ಅಲಂಕಾರಕ್ಕೆ, ಎಲ್‌ಇಡಿ ಪರದೆಗೆ ಇರುವ ಹಣ ಕುಣಿಯುವವರ ಕಾಲ ಕೆಳಗಿನ ಹಲಗೆಗೆ ಇರುವುದಿಲ್ಲ. ಇಪ್ಪತ್ತು ವರ್ಷಗಳಿಂದ ಇದನ್ನು ನೋಡುತ್ತಿದ್ದೇನೆ. ಇಂದಿಗೂ ಸಿಟ್ಟು ಬರುತ್ತದೆ.

ಆದರೆ ಆ ಸಂಜೆಯ ತಪ್ಪು ಅವರದ್ದಷ್ಟೇ ಅಲ್ಲ. ಅದಕ್ಕೆ ಮುಂಚಿನ ಮೂರು ವಾರ, ವಾರಕ್ಕೆ ಆರು ದಿನ, ಬಾಡಿಗೆ ಸಭಾಂಗಣದ ಟೈಲ್ಸ್ ನೆಲದ ಮೇಲೆ ಕುದಿತ್ತ ಮೆಟ್ಟಡವು, ಅಂದರೆ ಮುಂಗಾಲ ಮೇಲೆ ಹಾರಿ ಹಿಮ್ಮಡಿ ತಟ್ಟುವ ಹೆಜ್ಜೆ, ಮಾಡಿಸಿದವಳು ನಾನು. ಮರದ ನೆಲವಾದರೆ, ಅದರ ಕೆಳಗೆ ಪಟ್ಟಿ ಕೊಟ್ಟು ಟೊಳ್ಳು ಬಿಟ್ಟಿದ್ದರೆ, ಹೆಜ್ಜೆಯ ಪೆಟ್ಟನ್ನು ಅದು ಒಂದಿಷ್ಟಾದರೂ ನುಂಗುತ್ತದೆ. ಕಲ್ಲು, ಸಿಮೆಂಟು, ಟೈಲ್ಸ್ ನುಂಗುವುದಿಲ್ಲ. ಪೆಟ್ಟು ನೇರ ಮೂಳೆಗೆ ಹೋಗುತ್ತದೆ.

ಕಾರ್ಯಕ್ರಮದ ಕೊನೆಗೆ ಬರುವ ಚುರುಕು ನೃತ್ಯವಾದ ತಿಲ್ಲಾನದ ಕೊನೆಯ ಭಾಗ. ತಾಳ ಹಾಕುತ್ತ, ಹೆಜ್ಜೆಯ ಲಯಾಕ್ಷರಗಳಾದ ಸೊಲ್ಲುಗಳನ್ನು ಹೇಳುತ್ತ ನೃತ್ಯ ನಡೆಸುವ ನಟುವಾಂಗಕ್ಕೆ ನಾನು ಕುಳಿತಿದ್ದೆ. ಎಂಟು ಜೊತೆ ಗೆಜ್ಜೆ ಒಂದೇ ಸದ್ದಾಗಿ ಬೀಳಬೇಕು. ಎರಡನೆಯ ಕಾಲಕ್ಕೆ, ಅಂದರೆ ಮೊದಲನೆಯ ಕಾಲದ ಎರಡರಷ್ಟು ವೇಗಕ್ಕೆ, ಬಂದಾಗ ಒಂದು ಗೆಜ್ಜೆ ಕೂದಲೆಳೆಯಷ್ಟು ತಡವಾಗಿ ಕೇಳಿಸಿತು. ಅವಳದೇ. ಲಯ ಬಿಡುತ್ತಿದ್ದಾಳೆ ಎಂದುಕೊಂಡೆ. ನನ್ನ ಇಪ್ಪತ್ತು ವರ್ಷಗಳ ಕಿವಿ ಅಷ್ಟನ್ನೇ ಹೇಳಿತು. ತಾಳವನ್ನು ಜೋರಾಗಿ ಒತ್ತಿದೆ, ಸೊಲ್ಲುಗಳನ್ನು ಗಟ್ಟಿಸಿ ಹೇಳಿದೆ, ಅವಳತ್ತ ಕಣ್ಣು ಬಿಟ್ಟೆ. ಅವಳು ಒಮ್ಮೆ ನನ್ನನ್ನು ನೋಡಿದಳು. ಮುಖದ ನಗು ಹಾಗೇ ಇತ್ತು. ನಾನೇ ಕಲಿಸಿದ ನಗು. ಮುಂದಿನ ಆವರ್ತದಲ್ಲಿ ಬಲಗಾಲು ನೆಲವನ್ನು ಮುಟ್ಟುತ್ತಿತ್ತು, ತಟ್ಟುತ್ತಿರಲಿಲ್ಲ. ಏಳು ಗೆಜ್ಜೆ ಮಾತ್ರ ಕೇಳಿಸುತ್ತಿದ್ದವು.

ಆಗಲೂ ದಾರಿ ಇತ್ತು. ಲೈವ್ ಹಿಮ್ಮೇಳ, ಮೃದಂಗದವರು ಹದಿನೈದು ವರ್ಷಗಳ ಜೊತೆಗಾರರು, ಕಣ್ಣಲ್ಲೇ ಸನ್ನೆ ಮಾಡಿದ್ದರೆ ನೇರ ಮುಕ್ತಾಯಕ್ಕೆ ಬಂದುಬಿಡುತ್ತಿದ್ದರು. ನಾನು ಸನ್ನೆ ಮಾಡಲಿಲ್ಲ. ಕೊನೆಯಲ್ಲಿ ಎಂಟು ಜನ ಮಂಡಿಗೆ ಇಳಿದು ಎಂಟು ದಳದ ಕಮಲವಾಗುವ ವಿನ್ಯಾಸವಿತ್ತು. ಗ್ರಾಫ್ ಹಾಳೆಯ ಮೇಲೆ ಎರಡು ತಿಂಗಳು ತಿದ್ದಿದ್ದು. ಅದು ಬೇಕಿತ್ತು ನನಗೆ.

ಕಮಲ ಅರಳಿತು. ಅವಳು ಇಳಿದಳು, ಏಳಲಾಗಲಿಲ್ಲ. ಪಕ್ಕದ ಹುಡುಗಿ ಮೊಣಕೈ ಹಿಡಿದು, ಸಂಯೋಜನೆಯಲ್ಲೇ ಹಾಗಿದೆಯೇನೋ ಎನ್ನುವಂತೆ ಎತ್ತಿ ನಿಲ್ಲಿಸಿದಳು. ಜನ ಚಪ್ಪಾಳೆ ತಟ್ಟಿದರು.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐಯಲ್ಲಿ ಬಿರುಕು ಕಂಡಿತು. ಹತ್ತು ವಾರ ನೃತ್ಯವಿಲ್ಲ ಎಂದರು ವೈದ್ಯರು. ಸ್ನಾಯು ನೋವು ಹರಡಿಕೊಂಡಿರುತ್ತದೆ, ಮೂಳೆಯ ಬಿರುಕಾದರೆ ಹೆಚ್ಚಾಗಿ ಒಂದೇ ಜಾಗವನ್ನು ಬೆರಳಿಟ್ಟು ತೋರಿಸಬಹುದು ಎಂದೂ ಅವರೇ ಹೇಳಿದರು.

ಬೆಂಗಳೂರಿನ ಕಥಕ್ ಕಲಾವಿದೆ ಮಾಯಾ ರಾವ್ 1960ರ ದಶಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ಕೊರಿಯಾಗ್ರಫಿಯನ್ನೇ ಪ್ರತ್ಯೇಕ ವಿದ್ಯೆಯಾಗಿ ಕಲಿತು ಬಂದರು. 1987ರಲ್ಲಿ ತಮ್ಮ ಸಂಸ್ಥೆಯನ್ನು ದೆಹಲಿಯಿಂದ ಇಲ್ಲಿಗೆ ತಂದರು. ನೃತ್ಯ ಸಂಯೋಜನೆ ಎಂಬುದು ಅಡವುಗಳ ಜೋಡಣೆಗಿಂತ ದೊಡ್ಡದು ಎಂಬ ತಿಳಿವಳಿಕೆ ನಮ್ಮ ಊರಿಗೆ ಬಂದದ್ದರಲ್ಲಿ ಅವರ ಪಾಲು ಬಹಳ. ನಾನು ಆ ವಿದ್ಯೆಯಲ್ಲಿ ರಂಗದ ಮೇಲಿನ ಗೆರೆಗಳನ್ನು ಚೆನ್ನಾಗಿ ಕಲಿತೆ. ಗೆರೆಯ ಮೇಲೆ ನಿಂತಿರುವ ಕಾಲನ್ನು ನೋಡಲು ಕಲಿಯಲಿಲ್ಲ. ಎಂಟನ್ನು ಏಳಾಗಿಸಲು ಅರ್ಧ ಗಂಟೆ ಸಾಕಿತ್ತು: ಒಬ್ಬಳು ನಡುವೆ, ಸುತ್ತ ಆರು ಜನ.

"ಪರವಾಗಿಲ್ಲ" ಎಂಬ ಮಾತನ್ನು ನಮ್ಮ ತರಗತಿಗಳಲ್ಲಿ ಶ್ರದ್ಧೆ ಎಂದು ಹೊಗಳುತ್ತೇವೆ. ನಾನೂ ನನ್ನ ಗುರುಗಳಿಗೆ ಹಾಗೇ ಹೇಳುತ್ತಾ ಬೆಳೆದವಳು. ಈಗ ಯಾರಾದರೂ ಹಾಗೆಂದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು, "ಎಲ್ಲಿ? ತೋರಿಸು" ಎನ್ನುತ್ತೇನೆ. ಪ್ರತಿ ಗುಂಪು ನೃತ್ಯಕ್ಕೂ ಒಬ್ಬರು ಕಡಿಮೆಯಾದರೆ ನಿಲ್ಲುವ ವಿನ್ಯಾಸವನ್ನು ಮೊದಲೇ ಬರೆದು ಅಭ್ಯಾಸ ಮಾಡಿಸುತ್ತೇನೆ. ಮರದ ನೆಲದ ಫೋಟೋ ಬರುವವರೆಗೆ ಮುಂಗಡ ಪಡೆಯುವುದಿಲ್ಲ. ಇದರಿಂದ ಎರಡು ಕಾರ್ಯಕ್ರಮಗಳು ಕೈತಪ್ಪಿವೆ.

ಅವಳು ತರಗತಿಗೆ ಮರಳಿದ್ದಾಳೆ, ಸದ್ಯ ಮೊದಲನೆಯ ಕಾಲದಲ್ಲಿ ಮಾತ್ರ. ಮೊದಲೆಲ್ಲ ಅವಳ ತಾಯಿ ಒಳಗೆ ಬಂದು ಚಾಪೆಯ ಮೇಲೆ ಕುಳಿತು ನೋಡುತ್ತಿದ್ದರು. ಈಗ ಕರೆದುಕೊಂಡು ಹೋಗಲು ಬಂದಾಗ ಗೇಟಿನ ಹೊರಗೇ ನಿಲ್ಲುತ್ತಾರೆ.