ಬೆಟ್ಟದ ಕಡೆ ಗೋಡೆ

ಶನಿವಾರ, 14 ಜೂನ್ 2025

ಮಧ್ಯಾಹ್ನ ಮನೆ ಹಿಂದೆ ಅಗೀತಿದ್ದವರು ಜೋರಾಗಿ ಕೂಗಿದ್ರು, ಮೇಡಂ ಬೇಗ ಬನ್ನಿ ಅಂತ. ಪೈಪೇನಾದ್ರೂ ಒಡೀತೇನೋ ಅನ್ಕೊಂಡು ಓಡ್ದೆ. ಪೈಪಲ್ಲ. ನೆಲದಿಂದ ನಾಲ್ಕಡಿ ಕೆಳಗೆ, ಗೋಡೆಯಿಂದ ಒಂದು ಮಾರು ದೂರದಲ್ಲಿ, ಚಪ್ಪಡಿ ಕಲ್ಲು ಸಾಲಾಗಿ ಮುಚ್ಚಿರೋ ಹಳೇ ಚರಂಡಿ! ಒಂದು ಚಪ್ಪಡಿ ಎತ್ತಿ ನೋಡಿದ್ರೆ ಒಳಗೆಲ್ಲ ಹೂಳು, ತೋಳು ದಪ್ಪದ ಒಂದು ಬೇರು. ಮೇಸ್ತ್ರಿ ಕೆಳಗಿನ ತುದಿ ಹುಡುಕ್ಕೊಂಡು ಹೋಗಿ ಅಲ್ಲಿ ಯಾರೋ ಸಿಮೆಂಟ್ ಮೆತ್ತಿ ಬಾಯಿ ಮುಚ್ಚಿದ್ದನ್ನ ಹಾರೆಯಲ್ಲಿ ಒಡೆದ್ರು, ಬೇರು ಕಡಿದು ಹೂಳು ಎಳೆದು ಹಾಕಿದ್ರು, ಸ್ವಲ್ಪ ಹೊತ್ತಿಗೆ ನೀರು ಬರೋಕೆ ಶುರುವಾಯ್ತು, ಮೊದ್ಲು ಕೆಸರು, ಆಮೇಲೆ ಕೆಂಪು, ಆಮೇಲೆ ತಿಳಿಯಾದ ನೀರು. ಐದು ದಿನದಿಂದ ಮಳೇನೇ ಬಂದಿಲ್ಲ. ಅಂದ್ರೆ ಇಷ್ಟು ನೀರೂ ಬೆಟ್ಟದೊಳಗಿಂದ ಇಳಿದು ಬಂದು ನಮ್ಮ ಗೋಡೆಗೆ ಒರಗಿ ನಿಂತಿತ್ತು, ಎಷ್ಟು ವರ್ಷದಿಂದಲೋ.

ಈ ಮನೆ ತಗೊಂಡಾಗಿಂದ ನಮ್ಮನ್ನ ಕಾಡ್ತಿರೋದು ಆ ಹಿಂದಿನ ಗೋಡೇನೇ. ಮನೆಗೆ ನೂರು ವರ್ಷ ದಾಟಿದೆ, ಇಳಿಜಾರನ್ನ ಕಡಿದು ಕಟ್ಟಿದ್ದಾರೆ, ಮುಂದಗಡೆ ಕಣಿವೆ, ಹಿಂದಗಡೆ ಕೆಳಗಿನ ಅಂತಸ್ತಿನ ಅರ್ಧ ಗೋಡೆ ಮಣ್ಣಿನೊಳಗೇ ಇದೆ. ಎರಡಡಿ ದಪ್ಪದ ಕಲ್ಲು, ಸುಣ್ಣದ ಗಾರೆ. ನೋಡಿದ ಪ್ರತಿಯೊಬ್ರೂ ಒಂದೊಂದು ಮದ್ದು ಹೇಳಿದ್ರು. ಒಳಗಿಂದ ವಾಟರ್‌ಪ್ರೂಫ್ ಪೇಂಟ್ ಹೊಡೀರಿ, ಟೈಲ್ಸ್ ಹಾಕಿ ಮುಚ್ಚಿಬಿಡಿ, ಬೋರ್ಡ್ ಹೊಡೆದು ಮುಂದೆ ವಾರ್ಡ್‌ರೋಬ್ ನಿಲ್ಸಿ. ಸ್ಟ್ರಕ್ಚರಲ್ ಇಂಜಿನಿಯರ್ ಮೇಡಂ ಒಬ್ರೇ ಮೊದಲ ದಿನದಿಂದ ಒಂದೇ ಮಾತು ಹೇಳ್ತಿದ್ದಿದ್ದು: ಒಳಗೆ ಏನೂ ಮುಟ್ಬೇಡಿ, ಮೊದ್ಲು ಹೊರಗೆ ಅಗೀರಿ. ಅವರು ಒಂದು ಲೆಕ್ಕ ಹೇಳಿದ್ರು, ಅದು ತಲೇಲಿ ಕೂತ್ಬಿಟ್ಟಿದೆ. ಗೋಡೆ ಹಿಂದೆ 3 ಮೀಟರ್ ಎತ್ತರಕ್ಕೆ ನೀರು ನಿಂತ್ರೆ ಬುಡದಲ್ಲಿ ಒಂದೊಂದು ಚದರ ಮೀಟರಿಗೆ ಸುಮಾರು 3 ಟನ್ ಒತ್ತಡ ಬೀಳುತ್ತೆ, ಮಣ್ಣಿನ ಭಾರ ಬೇರೆ. ಅದಕ್ಕೇ ತಡೆಗೋಡೆಗಳಲ್ಲಿ ನೀರು ಹೊರಗೆ ಹೋಗೋಕೆ ಸಾಲಾಗಿ ತೂತು ಬಿಟ್ಟಿರ್ತಾರೆ. ನಮ್ಮ ಮೇಲಿನ ತಡೆಗೋಡೇಲೂ ಹನ್ನೊಂದು ತೂತಿದ್ವು, ಅದ್ರಲ್ಲಿ ಒಂಬತ್ತನ್ನ ಯಾವುದೋ ಕಾಲದಲ್ಲಿ ಚೆನ್ನಾಗಿ ಕಾಣ್ಲಿ ಅಂತ ಮುಚ್ಚಿದ್ದಾರೆ.

ಒಂದು ತಪ್ಪು ನಾವೂ ಮಾಡಿದ್ವಿ, ಅದನ್ನೂ ಇಲ್ಲಿ ಬರೀಬೇಕು. ಮೂರು ವಾರದ ಹಿಂದೆ ಹಿಂದಿನ ರೂಮು ಬೇಗ ರೆಡಿ ಆಗ್ಲಿ ಅಂತ ಇಂಜಿನಿಯರ್ ಊರಲ್ಲಿಲ್ಲದಾಗ ಸಿಮೆಂಟ್ ಪ್ಲಾಸ್ಟರ್ ಮಾಡಿಸಿಬಿಟ್ವಿ. ನುಣ್ಣಗೆ, ಕನ್ನಡಿ ಥರ ಬಂದಿತ್ತು. ಇವತ್ತು ಬೆಳಗ್ಗೆ ನೋಡಿದ್ರೆ ಮೊಣಕಾಲೆತ್ತರದವರೆಗೆ ಕಪ್ಪು ತೇವ, ಅದರ ಅಂಚಲ್ಲಿ ಬಿಳಿ ಹಿಟ್ಟು. ಬೆರಳಲ್ಲಿ ಉಜ್ಜಿದೆ, ಸಣ್ಣ ಸಣ್ಣ ಸೂಜಿ ಥರದ ಹರಳು, ಮುಟ್ಟಿದ್ರೆ ಉದುರುತ್ತೆ. ಗೋಡೆ ಉಪ್ಪು ಬಿಡ್ತಾ ಇದೆ. ಸುಣ್ಣದ ಗಾರೆಯಾದ್ರೆ ತೇವ ಅದರ ಮೂಲಕ ಹೊರಗೆ ಬಂದು ಆರಿಹೋಗುತ್ತೆ, ಸಿಮೆಂಟ್ ಅಷ್ಟು ಸುಲಭಕ್ಕೆ ಬಿಡಲ್ಲ, ನೀರು ಒಳಗೇ ಸಿಕ್ಕಿಕೊಂಡು ಮೇಲಕ್ಕೆ ಏರುತ್ತೆ, ನೀರಲ್ಲಿ ಕರಗಿದ್ದ ಉಪ್ಪು ಪ್ಲಾಸ್ಟರ್ ಹಿಂದೆ ಹರಳುಗಟ್ಟಿ ಕಲ್ಲನ್ನೇ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತೆ. ಸಿಮೆಂಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ತಗೊಂಡಿದ್ದು 1824ರಲ್ಲಿ, ಇನ್ನೂರು ವರ್ಷದಿಂದ ಜಗತ್ತನ್ನ ಕಟ್ಟಿರೋ ಸಾಮಾನು ಅದು. ಆದ್ರೆ ಈ ಗೋಡೆಗೆ ಅದು ಆಗಿಬರಲ್ಲ, ಅಷ್ಟೇ. ಸೋಮವಾರ ಎಲ್ಲಾ ಕೆತ್ತಿ ತೆಗೀಬೇಕು. ದುಡ್ಡು ಹೋಗಿದ್ದಕ್ಕಿಂತ, ಉಳಿಸಬೇಕು ಅಂತ ಬಂದವರೇ ಗೋಡೆಗೆ ಹೀಗೆ ಮಾಡಿದ್ವಲ್ಲ ಅಂತ ತುಂಬಾ ಬೇಜಾರಾಗಿದೆ.

ಸುಣ್ಣದ ಕೆಲಸ ನಿಧಾನ. ಸುಣ್ಣದ ಕಲ್ಲನ್ನ 900 ಡಿಗ್ರಿ ಆಸುಪಾಸು ಸುಟ್ಟು, ನೀರು ಹಾಕಿ ಅರಳಿಸಿ, ಮರಳಿನ ಜೊತೆ ಕಲೆಸಿ ಹಚ್ಚಿದ್ರೆ ಅದು ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಎಳ್ಕೊಂಡು ತಿರುಗಾ ಕಲ್ಲಾಗುತ್ತೆ. ಒಂದು ಪದರ ಹಚ್ಚಿ ಕಾಯಬೇಕು, ಒದ್ದೆ ಗೋಣಿ ಹಾಕಿ ಬಿಸಿಲು ಬೀಳದ ಹಾಗೆ ನೋಡ್ಕೋಬೇಕು, ಆಮೇಲೆ ಇನ್ನೊಂದು. ನಮ್ಮ ಮೇಸ್ತ್ರಿಗೆ ಇದು ಗೊತ್ತು. ಕರಣೆಯಲ್ಲಿ ಒತ್ತಿ, ಬೆರಳ ಗೆಣ್ಣಲ್ಲಿ ತಟ್ಟಿ ಸದ್ದು ಕೇಳಿಸ್ಕೊಂಡು "ಇನ್ನೂ ಹಸಿ ಇದೆ ಮೇಡಂ, ನಾಳಿದ್ದು ನೋಡೋಣ" ಅಂತಾರೆ. ಅವರ ನಾಳಿದ್ದು ಅಂದ್ರೆ ನಾಳಿದ್ದೇ, ಅದಕ್ಕೇ ಅವರ ಮೇಲೆ ನನಗೆ ಅಷ್ಟು ನಂಬಿಕೆ.

ಸಂಜೆ ಇವರ ಜೊತೆ ಮಾತುಕತೆ ಆಯ್ತು, ಸ್ವಲ್ಪ ಬಿಸಿಯಾಗೇ. ತೇವ ಹಿಡಿದ ದಪ್ಪ ಗೋಡೆ ಆರೋಕೆ ಇಂಚಿಗೆ ಒಂದು ತಿಂಗಳು ಅಂತ ಒಂದು ಅಂದಾಜು ಲೆಕ್ಕ ಇದೆ. ಎರಡಡಿ ಗೋಡೆ ಅಂದ್ರೆ ಎರಡು ವರ್ಷ! ಇವರು ಅದನ್ನ ಕೇಳಿ ಕುರ್ಚಿಯಿಂದ ಎದ್ದೇಬಿಟ್ರು. "ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ, ಲಿಫ್ಟ್ ಈ ವರ್ಷವೇ ಬೇಕು, ನೆಲ ಬೆಚ್ಚಗಾಗೋ ಪೈಪ್ ಹಾಕಿಸ್ಬೇಕು, ಅಡುಗೆಮನೆ ದೊಡ್ಡದಾಗ್ಬೇಕು, ಇದೆಲ್ಲಾ ಬಿಟ್ಟು ಯಾರಿಗೂ ಕಾಣದ ಮಣ್ಣೊಳಗೆ ದುಡ್ಡು ಹಾಕ್ತಾ ಕೂತ್ರೆ ಹೆಂಗೆ?" ಅಂದ್ರು. ಅವರು ಹೇಳೋದು ತಪ್ಪಲ್ಲ, ಅತ್ತೆ ಮಂಡಿನೋವು ನಾನೂ ದಿನಾ ನೋಡ್ತೀನಿ. ಆದ್ರೆ ನನ್ನ ಲೆಕ್ಕದಲ್ಲಿ ಈ ಮನೆಗೆ ಎಲ್ಲಕ್ಕಿಂತ ದೊಡ್ಡ ಲಕ್ಷುರಿ ಅಂದ್ರೆ ಒಣಗಿರೋ ಗೋಡೆ. ಅತ್ತೆ ಹಾಸಿಗೆ ಪಕ್ಕ ಬೂಷ್ಟಿನ ವಾಸನೆ ಇದ್ರೆ ಯಾವ ಇಟಾಲಿಯನ್ ಮಾರ್ಬಲ್ ಹಾಕಿ ಏನು?

ಕೊನೆಗೆ ಹೀಗೆ ಮಾಡೋಣ ಅಂತ ಆಯ್ತು: ಕಣಿವೆ ಕಡೆ ರೂಮುಗಳನ್ನ ಮೊದ್ಲು ಮುಗಿಸೋದು, ಲಿಫ್ಟು ಆ ಕಡೆಗೇ, ಅತ್ತೆ ರೂಮೂ ಆ ಕಡೆಗೇ. ಹಿಂದಿನ ಎರಡು ರೂಮು ಬರೀ ಕಲ್ಲಾಗಿ ಬಿಟ್ಟಿರೋದು, ಕಿಟಕಿ ತೆಗೆದಿಟ್ಟು, ಆರೋವಷ್ಟು ದಿನ ಆರ್ಲಿ. ಅಡುಗೆಮನೆಗೂ ಊಟದ ಕೋಣೆಗೂ ಮಧ್ಯದ ಗೋಡೆ ತೆಗೆದು ಸ್ಟೀಲ್ ತೊಲೆ ಕೊಡ್ತಾರೆ, ಅದನ್ನ ಹಳೇ ಮರದ ಥರ ಕಾಣೋ ಹಾಗೆ ಮುಚ್ಚೋದು ಬೇಡ ಅಂತ ಆರ್ಕಿಟೆಕ್ಟ್ ಹೇಳಿದ್ದಾರೆ. ಹಳೇ ಕಟ್ಟಡಗಳನ್ನ ಹೇಗೆ ಉಳಿಸ್ಕೋಬೇಕು ಅಂತ ಹೇಳೋ 1964ರ ವೆನಿಸ್ ಚಾರ್ಟರ್‌ನಲ್ಲೇ ಇದೆಯಂತೆ, ಹೊಸದಾಗಿ ಸೇರಿಸಿದ್ದು ಹೊಸದು ಅಂತ ಗೊತ್ತಾಗ್ಬೇಕು ಅಂತ. ನನಗೆ ಅದು ಸರಿ ಅನ್ನಿಸ್ತು.

ಮುಂದಿನ ಮೂರು ಕಿಟಕಿ ಕಿತ್ತು ಒಂದೇ ದೊಡ್ಡ ಗಾಜು ಹಾಕೋ ಪ್ಲಾನ್ ಇತ್ತು, ಅದನ್ನ ಬಿಟ್ವಿ. ಬಿಡಿಸಿದ್ದು ಮಗಳು. ಆ ಹಳೇ ಗಾಜಿನ ಮುಂದೆ ನಿಂತು ತಲೆ ಆ ಕಡೆ ಈ ಕಡೆ ಆಡಿಸ್ತಾಳೆ, ಹೊರಗಿನ ಮರ ನೀರಲ್ಲಿ ಕಂಡಂಗೆ ಬಳುಕುತ್ತೆ. ಅಲೆ ಇಲ್ಲದ ಸಪಾಟು ಫ್ಲೋಟ್ ಗಾಜು ಮಾಡೋ ವಿಧಾನ ಹೊರಗೆ ಬಂದಿದ್ದೇ 1959ರಲ್ಲಿ, ಇದು ಅದಕ್ಕಿಂತ ಹಿಂದಿನದು, ಒಡೆದ್ರೆ ಇಂಥದ್ದು ಮತ್ತೆ ಸಿಗೋದು ಕಷ್ಟ. ಚಳಿ ತಡೆಯೋಕೆ ಒಳಗಡೆಯಿಂದ ಇನ್ನೊಂದು ತೆಳು ಫ್ರೇಮ್ ಕೊಡಿಸ್ತೀವಿ. ಚೌಕಟ್ಟಿನ ಹಳೇ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಒಣಗಿದ್ದಂಗೇ ಉಜ್ಜಬೇಡಿ, ಒದ್ದೆ ಮಾಡ್ಕೊಂಡೇ ಕೆರೀರಿ ಅಂತ ಹುಡುಗರಿಗೆ ಹೇಳಿದ್ದೀನಿ, ಮಗಳನ್ನ ಆ ಕಡೆ ಬಿಡ್ತಿಲ್ಲ.

ರಾತ್ರಿ ಊಟ ಆದ್ಮೇಲೆ ಇವರೇ ಟಾರ್ಚ್ ತಗೊಂಡು ಹಿಂದೆ ಹೋದ್ರು. ಸುಮಾರು ಹೊತ್ತು ಬರಲೇ ಇಲ್ಲ ಅಂತ ನಾನೂ ಹೋದೆ. ಚರಂಡಿ ಪಕ್ಕ ಕೂತಿದ್ರು. ನೀರು ಇನ್ನೂ ಹರೀತಿತ್ತು, ಮಧ್ಯಾಹ್ನಕ್ಕಿಂತ ಸಣ್ಣಗೆ. "ಇದನ್ನ ಕಟ್ಟಿದವರಿಗೆ ಎಲ್ಲಾ ಗೊತ್ತಿತ್ತು ಅಲ್ವಾ" ಅಂದ್ರು. ನಾನು ಹೂಂ ಅಂದೆ. ಒಳಗೆ ಬಂದು ತೇವದ ಗೆರೆ ಎಲ್ಲಿವರೆಗಿದೆಯೋ ಅಲ್ಲಿಗೆ ಪೆನ್ಸಿಲಲ್ಲಿ ಗೀಟು ಎಳೆದು ತಾರೀಖು ಬರೆದ್ವಿ. ನೆಲದಿಂದ 52 ಸೆಂಟಿಮೀಟರ್. ಪ್ಲಾಸ್ಟರ್ ಕೆತ್ತೋವಾಗ ಆ ಗುರುತು ಹೋಗುತ್ತೆ, ಸೋಮವಾರ ಕಲ್ಲಿನ ಮೇಲೇ ಮತ್ತೆ ಹಾಕ್ಬೇಕು.